ಲಿಫ್ಟ್ ಬಿಟ್ಟು ಮೆಟ್ಟಿಲಿಳಿದ ಮೇಲೆ

ಗಾಳಿ ಶುಭ್ರವಾಗಿರುವ ದಿನ ನಮ್ಮ ಮನೆಯ ಬಾಲ್ಕನಿಯಿಂದ ಬೆಟ್ಟದ ಸಾಲು ಕಾಣುತ್ತದೆ. ರೈಲು ಹತ್ತಿದರೆ ಒಂದು ಗಂಟೆಯ ದಾರಿ. ಒಂದು ರಾತ್ರಿ ಸುಮ್ನೆ ನಕಾಶೆ ನೋಡುತ್ತಿದ್ದೆ. ಒಂದು ಲೈನಿನ ಕೊನೆಯ ಸ್ಟೇಷನ್‌ನಲ್ಲಿ ಇಳಿದು, ಬೆಟ್ಟದ ನೆತ್ತಿ ಹಿಡಿದು ಹೋದರೆ ಇನ್ನೊಂದು ಲೈನಿನ ಸ್ಟೇಷನ್‌ಗೆ ಇಳಿಯಬಹುದು ಅಂತ ಗೊತ್ತಾಯಿತು. ಅಳೆದು ನೋಡಿದೆ. 50 ಕಿಲೋಮೀಟರ್. ಒಟ್ಟು ಏರು 2,100 ಮೀಟರ್. ಒಂದೇ ದಿನದಲ್ಲಿ ಮುಗಿಸಬೇಕು ಅನ್ನಿಸಿತು. ಆ ಆಸೆ ಮತ್ತೆ ತಲೆಯಿಂದ ಹೋಗಲೇ ಇಲ್ಲ.

ಎರಡು ಸಲ ಹೋದೆ. ಮೊದಲ ಸಲ 34ನೇ ಕಿಲೋಮೀಟರಿಗೆ ನಿಲ್ಲಬೇಕಾಯಿತು. ಎಂಟು ತಿಂಗಳ ನಂತರ ಮುಗಿಸಿದೆ. ನಡುವೆ ನನ್ನ ಓಟದ ವೇಗವೇನೂ ಹೆಚ್ಚಲಿಲ್ಲ. ಬದಲಾಗಿದ್ದು ಬೇರೆಯೇ.

ನಗರದಲ್ಲಿ ಇರುವವರಿಗೆ ಬೆಟ್ಟ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಉಳಿದ ದಿನ ಸಮತಟ್ಟಾದ ರಸ್ತೆ, ಪಾರ್ಕಿನ ಸುತ್ತು, ಅಷ್ಟೇ. ಹಾಗಾಗಿ ನಾನು ನಮ್ಮ ಕಟ್ಟಡದ ಮೆಟ್ಟಿಲನ್ನೇ ಬೆಟ್ಟ ಮಾಡಿಕೊಂಡೆ. 14 ಮಹಡಿ. ಒಂದಕ್ಕೆ ಹತ್ತಿರ ಹತ್ತಿರ 3 ಮೀಟರ್ ಲೆಕ್ಕ ಹಾಕಿದರೆ ಒಂದು ಸಲ ಹತ್ತಿದಾಗ 42 ಮೀಟರ್. 24 ಸಲ ಹತ್ತಿದರೆ 1,000 ಮೀಟರ್ ದಾಟುತ್ತದೆ. ವಾರಕ್ಕೆರಡು ಬೆಳಿಗ್ಗೆ ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು ಹತ್ತುತ್ತಿದ್ದೆ. ಮೇಲೆ ಹೋದ ಮೇಲೆ ಲಿಫ್ಟ್‌ನಲ್ಲಿ ಇಳಿಯುತ್ತಿದ್ದೆ. ಮಂಡಿ ಉಳಿಸಬೇಕಲ್ವಾ ಅಂತ. ಸಮಯವೂ ಉಳಿಯುತ್ತಿತ್ತು.

ಮೊದಲ ಪ್ರಯತ್ನದ ದಿನ ಏರು ನನಗೆ ಕಷ್ಟವಾಗಲೇ ಇಲ್ಲ. ಉಸಿರು ಹದವಾಗಿತ್ತು. ಮೊದಲ ದೊಡ್ಡ ಇಳಿಜಾರು ಬಂದಾಗ ಎಷ್ಟು ಹಾಯೆನಿಸಿತು ಅಂದರೆ, ಉದ್ದುದ್ದ ಹೆಜ್ಜೆ ಹಾಕಿ ಓಡಿದೆ. ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತಿತ್ತು, ಮೈ ಹಿಂದಕ್ಕೆ ವಾಲಿತ್ತು. ಎರಡನೇ ಇಳಿಜಾರಿನಲ್ಲಿ ತೊಡೆ ನಡುಗಲು ಶುರುವಾಯಿತು. ಮೂರನೆಯದರ ಹೊತ್ತಿಗೆ ಒಂದೊಂದು ಹೆಜ್ಜೆಗೂ ತೊಡೆಯಲ್ಲಿ ಚೂರಿ ಆಡಿಸಿದ ಹಾಗೆ ನೋವು. ಏರಿನಲ್ಲಿ ನಡೆಯಬಲ್ಲೆ, ಇಳಿಯಲಾರೆ! ಮಧ್ಯದಲ್ಲಿ ಒಂದು ಡಾಂಬರು ರಸ್ತೆ ದಾರಿಯನ್ನು ಅಡ್ಡ ದಾಟುತ್ತದೆ. ಅಲ್ಲಿ ಬಸ್ಸು ಹತ್ತಿದೆ. ಮಾರನೆಯ ದಿನ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು, ಹಿಂದು ಮುಂದಾಗಿ ಇಳಿಯಬೇಕಾಯಿತು. ಅದರ ಮಾರನೆಯ ದಿನ ನೋವು ಇನ್ನೂ ಜಾಸ್ತಿ.

ಕಾರಣ ತಿಳಿದುಕೊಂಡ ಮೇಲೆ ಎಲ್ಲ ಅರ್ಥವಾಯಿತು. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕಬೇಕು. ಹಿಗ್ಗುತ್ತಾ ಬಿಗಿ ಹಿಡಿಯುವ ಈ ಕೆಲಸಕ್ಕೆ ಶಕ್ತಿ ಕಡಿಮೆ ಸಾಕು, ಉಸಿರೂ ಏರುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಿಗೆ ಆಗುವ ಪೆಟ್ಟು ಜಾಸ್ತಿ. ಒಂದರಿಂದ ಮೂರು ದಿನದೊಳಗೆ ನೋವು ಜೋರಾಗುವುದು ಇದರಿಂದಲೇ. ಉಸಿರು ಸುಲಭವಾಗಿರುವುದರಿಂದ ಪೆಟ್ಟು ಬೀಳುತ್ತಿರುವುದು ಆ ಹೊತ್ತಿಗೆ ತಿಳಿಯುವುದೇ ಇಲ್ಲ. ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಅರ್ಧ ಬೆಟ್ಟವನ್ನು ಮಾತ್ರ. ಉಳಿದ ಅರ್ಧವನ್ನು ಲಿಫ್ಟ್ ನುಂಗಿತ್ತು.

ಒಳ್ಳೆಯ ವಿಷಯವೂ ಇದೆ. ಈ ಪೆಟ್ಟಿಗೆ ಸ್ನಾಯು ಬಹಳ ಬೇಗ ಒಗ್ಗುತ್ತದೆ. ಹದವಾಗಿ ಒಂದು ಸಲ ಇಳಿಜಾರು ಓಡಿದರೂ ಸಾಕು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ನೋವು ಕಡಿಮೆ. ಹಾಗಾಗಿ ಲಿಫ್ಟ್ ಬಿಟ್ಟೆ. ಮೊದಲ ವಾರ ನಾಲ್ಕು ಸಲ ಮಾತ್ರ ಇಳಿದೆ, ಆಮೇಲೆ ಆರು, ಎಂಟು. ಬೆಟ್ಟಕ್ಕೆ ಹೋದ ದಿನ ದೂರದ ಆಸೆ ಬಿಟ್ಟು, ಒಂದೇ ಇಳಿಜಾರನ್ನು ಮೂರು ನಾಲ್ಕು ಸಲ ಇಳಿಯುತ್ತಿದ್ದೆ. ದೊಡ್ಡ ದಿನಕ್ಕೆ ಎರಡು ವಾರ ಮೊದಲು ಕೊನೆಯ ಜೋರು ಇಳಿತ. ಆಮೇಲೆ ತೊಡೆಗೆ ವಿಶ್ರಾಂತಿ.

ಇಳಿಯುವ ರೀತಿಯನ್ನೂ ಹೊಸದಾಗಿ ಕಲಿಯಬೇಕಾಯಿತು. ಹೆಜ್ಜೆ ಚಿಕ್ಕದು, ಬೇಗ ಬೇಗ. ಪಾದ ಸೊಂಟದ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು. ಮಂಡಿ ಸ್ವಲ್ಪ ಬಾಗಿರಲಿ. ಹೆದರಿಕೆಗೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಆಗ ಹಿಮ್ಮಡಿ ಜಾರುತ್ತದೆ. ಇಳಿಜಾರಿನ ಜೊತೆಗೇ ಮೈಯನ್ನು ಬಿಡಬೇಕು. ಕೈಗಳನ್ನು ಅಗಲವಾಗಿ ಇಟ್ಟುಕೊಂಡರೆ ತೂಕ ಸರಿಹೋಗುತ್ತದೆ. ಕಣ್ಣು ಕಾಲಿನ ಬೆರಳಿನ ಮೇಲೆ ಅಲ್ಲ, ನಾಲ್ಕೈದು ಹೆಜ್ಜೆ ಮುಂದೆ. ಒಂದು ಕಲ್ಲು ದಾಟುವ ಮೊದಲೇ ಮುಂದಿನ ಮೂರು ಕಲ್ಲು ಕಣ್ಣಿಗೆ ಬಿದ್ದಿರಬೇಕು. ಇದು ಕೈಗೂಡಿದ ದಿನದ ಸಂತೋಷವನ್ನು ನಾನು ಮರೆಯಲಾರೆ. ನೀರು ಹರಿದ ಹಾಗೆ ಇಳಿಯುತ್ತಿದ್ದೆ.

ಶೂ ವಿಷಯ ಬೇಗ ಹೇಳಿಬಿಡುತ್ತೇನೆ. ಹೊತ್ತು ಕಳೆದಂತೆ ಪಾದ ಊದುತ್ತದೆ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದುತ್ತದೆ. ನಾನು ಅರ್ಧ ಸೈಜ್ ದೊಡ್ಡದು ತೆಗೆದುಕೊಂಡೆ. ಉಗುರು ಕತ್ತರಿಸಿಕೊಳ್ಳಿ. ಪಾದದಲ್ಲಿ ಎಲ್ಲಾದರೂ ಬಿಸಿಯಾದ ಹಾಗೆ ಅನಿಸಿದರೆ ಆಗಲೇ ನಿಂತು ಟೇಪ್ ಹಾಕಿ. ಗುಳ್ಳೆ ಎದ್ದ ಮೇಲೆ ತಡವಾಯಿತು.

ಸಮಯದ ಲೆಕ್ಕ ಮಾತ್ರ ವಿವರವಾಗಿ ಹೇಳಬೇಕು. ನಗರದ ಹತ್ತಿರದ ಬೆಟ್ಟದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಕೊನೆಯ ರೈಲು. ನನ್ನದು ರಾತ್ರಿ 8:40ಕ್ಕೆ. ಕಿಲೋಮೀಟರ್ ಮಾತ್ರ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರ ಇಂದಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನನ್ನ ದಾರಿಗೆ ಹತ್ತು ಗಂಟೆ, ಅದರ ಮೇಲೆ ಮೂರೂವರೆ ಗಂಟೆ. ಹದಿಮೂರೂವರೆ ಗಂಟೆ ನಡಿಗೆ! ಬೆಳಿಗ್ಗೆ 5:30ಕ್ಕೆ ಹೊರಟರೆ ಒಂದು ಹೆಜ್ಜೆಯೂ ಓಡದೆ ಸಂಜೆ 7 ಗಂಟೆಗೆ ಮುಟ್ಟಬಹುದು. ಈ ಲೆಕ್ಕ ಮನಸ್ಸಿಗೆ ಎಷ್ಟು ಧೈರ್ಯ ಕೊಟ್ಟಿತು ಅಂದರೆ, ಅವಸರವೇ ಹೋಯಿತು. ಮೊದಲ ಸಲ ನನ್ನ ತೊಡೆ ಕೆಟ್ಟದ್ದಕ್ಕೆ ಆ ಅವಸರವೂ ಒಂದು ಕಾರಣ.

ಇದರ ಜೊತೆಗೆ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ಆ ಡಾಂಬರು ರಸ್ತೆಯನ್ನು ಮಧ್ಯಾಹ್ನ 2:30ರೊಳಗೆ ಮುಟ್ಟದಿದ್ದರೆ ಅಲ್ಲಿಂದಲೇ ಬಸ್ಸು. ಎಷ್ಟೇ ಚೆನ್ನಾಗಿ ಅನಿಸುತ್ತಿದ್ದರೂ ಸರಿ. ಆ ಸಮಯವನ್ನೂ ದಾರಿಯ ನಕಾಶೆಯನ್ನೂ ಮನೆಯವರ ಕೈಗೆ ಕೊಟ್ಟೆ. ಮಹಾನಗರದ ದೀಪ ಕಾಣುತ್ತಿದ್ದರೂ ಕಣಿವೆಯಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಹತ್ತಿರ ಇದೆ ಅನ್ನುವ ಧೈರ್ಯಕ್ಕೇ ಜನ ನೀರು, ಟಾರ್ಚ್, ಒಂದು ಜಾಕೆಟ್ ಕೂಡ ಇಲ್ಲದೆ ಬರುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಏರಿನಲ್ಲಿ ನಾನು ಓಡುವುದಿಲ್ಲ. ಕಡಿದಾದ ಕಡೆ ಜೋರು ನಡಿಗೆಗೂ ನಿಧಾನದ ಓಟಕ್ಕೂ ವೇಗದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ದಣಿವಿನಲ್ಲಿ ಇದೆ. ಕೈಯನ್ನು ತೊಡೆಯ ಮೇಲೆ ಊರಿ ಒತ್ತುತ್ತಾ, ಮಾತಾಡಲು ಆಗುವಷ್ಟು ಉಸಿರಿನಲ್ಲಿ ಹತ್ತುತ್ತೇನೆ. ತಿನ್ನುವುದೂ ಅಲ್ಲೇ. ಇಳಿಯುವಾಗ ಹೊಟ್ಟೆ ಕುಲುಕುತ್ತದೆ, ತಿಂದದ್ದು ನಿಲ್ಲುವುದಿಲ್ಲ. ಹಸಿವಾಗುವವರೆಗೆ ಕಾಯಬಾರದು. ಗಂಟೆಗೆ 60 ಗ್ರಾಂವರೆಗೆ ಸಕ್ಕರೆ ಪಿಷ್ಟ ಅಂತ ಗುರಿ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿಂದೆ. ಬೇಯಿಸಿದ ಆಲೂಗಡ್ಡೆ ಮತ್ತು ಉಪ್ಪು ನನ್ನ ಹೊಟ್ಟೆಗೆ ಹಿಡಿಸಿತು.

ನೀರು ಬಾಯಾರಿಕೆಗೆ ತಕ್ಕಷ್ಟು. ಮೊದಲ ಸಲ ಹದಿನೈದು ನಿಮಿಷಕ್ಕೊಮ್ಮೆ ಬಲವಂತವಾಗಿ ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದ್ದೆ. ನೀರು ಜಾಸ್ತಿಯಾದರೂ ಅಪಾಯವೇ, ರಕ್ತದಲ್ಲಿರುವ ಉಪ್ಪಿನಂಶ, ಅಂದರೆ ಸೋಡಿಯಂ, ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ, ನೂರಕ್ಕೆ 13 ಜನರಲ್ಲಿ ಸೋಡಿಯಂ ಮಟ್ಟ ಇರಬೇಕಾದದ್ದಕ್ಕಿಂತ ಕೆಳಗಿತ್ತು. ಓಡುತ್ತಾ ಕುಡಿದು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಜಾಸ್ತಿ ಕಂಡಿತ್ತು.

ಎರಡನೇ ಸಲ ಹೊರಟಾಗ ಇನ್ನೂ ಕತ್ತಲು. ಹೆಡ್‌ಲ್ಯಾಂಪನ್ನು ಹಣೆಯಿಂದ ತೆಗೆದು ಸೊಂಟಕ್ಕೆ ಕಟ್ಟಿದೆ. ಬೆಳಕು ಕಣ್ಣಿನ ಹತ್ತಿರವಿದ್ದರೆ ಕಲ್ಲಿನ ನೆರಳು ಕಾಣುವುದಿಲ್ಲ, ನೆಲ ಎಲ್ಲ ಸಮ ಅನಿಸುತ್ತದೆ. ಕೆಳಗಿಳಿಸಿದರೆ ಒಂದೊಂದು ಬೇರೂ ಎದ್ದು ಕಾಣುತ್ತದೆ. ಮೊದಲ ಇಳಿಜಾರಿನಲ್ಲಿ ಬೇಕೆಂದೇ ತಡೆದುಕೊಂಡೆ. ಚಿಕ್ಕ ಹೆಜ್ಜೆ, ಚಿಕ್ಕ ಹೆಜ್ಜೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಬ್ಬರು ನನ್ನನ್ನು ದಾಟಿ ಹಾರುತ್ತಾ ಹೋದರು. ಡಾಂಬರು ರಸ್ತೆ ಬಂದಾಗ ಗಡಿಯಾರ 1 ಗಂಟೆ ದಾಟಿತ್ತು. ಬಸ್ಸಿನ ನಿಲ್ದಾಣದಲ್ಲಿ ನಿಂತು ತೊಡೆ ಒತ್ತಿ ನೋಡಿದೆ. ಭಾರ ಇತ್ತು, ನೋವಿರಲಿಲ್ಲ. ರಸ್ತೆ ದಾಟಿದೆ.

ಅಲ್ಲಿಂದ ಮುಂದಿನದೆಲ್ಲ ನನ್ನ ಕಾಲಿಗೆ ಹೊಸ ನೆಲ. ಕೊನೆಯ ಏರು ಹತ್ತಿ ತಿರುಗಿದಾಗ ಇಡೀ ನಗರ ಕಂಡಿತು. ನಮ್ಮ ಕಟ್ಟಡ ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ಆಮೇಲೆ ಆರು ಕಿಲೋಮೀಟರ್ ಬರೀ ಇಳಿಜಾರು. ಅಲ್ಲಿ ಮಾತ್ರ ನನ್ನನ್ನು ನಾನು ಬಿಟ್ಟುಕೊಟ್ಟೆ, ಓಡಿದೆ. ಸಂಜೆ 4:50ಕ್ಕೆ ಸ್ಟೇಷನ್ ಮುಟ್ಟಿದೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

ಮಾರನೆಯ ಬೆಳಿಗ್ಗೆ ಮನೆಯಿಂದ ಹೊರಗೆ ಬಂದಾಗ ಲಿಫ್ಟ್ ನಮ್ಮ ಮಹಡಿಯಲ್ಲೇ ಬಾಗಿಲು ತೆರೆದು ನಿಂತಿತ್ತು. ನಾನು ಮೆಟ್ಟಿಲಿನ ಕಡೆ ತಿರುಗಿದೆ. ಒಂದೊಂದೇ ಮೆಟ್ಟಿಲು, ನಿಧಾನವಾಗಿ, ಮುಂದು ಮುಖವಾಗಿಯೇ ಕೆಳಗಿನವರೆಗೆ ಇಳಿದೆ.