ನಿನ್ನೆ ಬಂದ ಲೆಕ್ಕ ಇವತ್ತು ಬರದಿದ್ದಾಗ

ತಾಯಿಯ ಹೊಟ್ಟೆಯಲ್ಲಿದ್ದಾಗ ಮದ್ಯದ ಪೆಟ್ಟು ತಿಂದ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಮನೆಯವರ ಮೊದಲ ದೂರು ಹೆಚ್ಚುಕಡಿಮೆ ಒಂದೇ. "ನಿನ್ನೆ ಚೆನ್ನಾಗಿ ಲೆಕ್ಕ ಮಾಡಿದ. ಇವತ್ತು ಕೇಳಿದ್ರೆ ಗೊತ್ತೇ ಇಲ್ಲ ಅಂತಾನೆ. ಬೇಕಂತಲೇ ಮಾಡ್ತಾನೆ."

ಆ ಮಗು ಬೇಕಂತ ಮಾಡುತ್ತಿಲ್ಲ ಎಂದು ಮನೆಯವರಿಗೆ ಮನವರಿಕೆ ಮಾಡುವುದೇ ನನ್ನ ಅರ್ಧ ಕೆಲಸ. ತಾಯಿ ಕುಡಿದ ಮದ್ಯ ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ರಕ್ತ ಸೇರುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ. ಕಲಿತದ್ದನ್ನು ಬೇಕಾದಾಗ ನೆನಪಿಗೆ ತಂದುಕೊಳ್ಳುವುದು, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ಮೊದಲೇ ಯೋಚಿಸುವುದು, ಎರಡೂ ಕಷ್ಟವಾಗುತ್ತವೆ. 1973ರಲ್ಲಿ ಸಿಯಾಟಲ್‌ನ ವೈದ್ಯರು ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಈಗ ಮದ್ಯದಿಂದಾಗುವ ಇಂಥ ಎಲ್ಲ ಬಗೆಯ ಹಾನಿಗೂ ಸೇರಿಸಿ ಎಫ್‌ಎಎಸ್‌ಡಿ (ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್) ಅನ್ನುತ್ತಾರೆ. ಹೆಚ್ಚಿನ ಮಕ್ಕಳ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಾತೂ ಪಟಪಟ ಬರುತ್ತದೆ. ಹಾಗಾಗಿಯೇ ಬೈಗುಳ ಜಾಸ್ತಿ.

"ಚೀಲ ತಗೋ, ಶೂ ಹಾಕ್ಕೋ, ಬಾಗಿಲ ಹತ್ತಿರ ನಿಂತ್ಕೋ" ಅಂದರೆ ಮಗು ಚೀಲ ಹಿಡಿದು ಅಲ್ಲೇ ನಿಂತುಬಿಡುತ್ತದೆ. ಉಳಿದ ಎರಡು ಮಾತು ಅಷ್ಟರಲ್ಲಿ ಹಾರಿಹೋಗಿರುತ್ತವೆ. ನಾನು ಮೊದಲು ಹೆಸರು ಕರೆಯುತ್ತೇನೆ, ಮುಖ ನನ್ನ ಕಡೆ ತಿರುಗಲಿ ಅಂತ ಕಾಯುತ್ತೇನೆ, ಒಂದೇ ಕೆಲಸ ಹೇಳುತ್ತೇನೆ. ನಾಳೆಯೂ ಅದೇ ಪದಗಳು. ಒಬ್ಬ ಹುಡುಗಿಗೆ ಬೆಳಗಿನ ಕೆಲಸಗಳ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿಕೊಟ್ಟೆವು. ಹಲ್ಲುಜ್ಜಿ ಬಂದು ಆ ಚಿತ್ರವನ್ನು ತಿರುಗಿಸಿಡುತ್ತಾಳೆ, ಮುಂದಿನದನ್ನು ಬೆರಳಿಟ್ಟು ನೋಡುತ್ತಾಳೆ. ಅವಳ ಅಜ್ಜಿ ಈಗ ಬೆಳಗ್ಗೆ ಕೂಗಾಡುವುದಿಲ್ಲ.

ಸುಳ್ಳಿನ ಬಗ್ಗೆಯೂ ಹೇಳಬೇಕು. ನೆನಪು ಖಾಲಿ ಇರುವ ಕಡೆ ಈ ಮಕ್ಕಳು ಎಷ್ಟೋ ಸಲ ಕಥೆ ತುಂಬಿಸುತ್ತಾರೆ, ಅದನ್ನೇ ನಿಜ ಅಂತ ನಂಬುತ್ತಾರೆ. "ಯಾಕೆ ಹೀಗೆ ಮಾಡಿದೆ?" ಅಂತ ನಾನು ಕೇಳುವುದಿಲ್ಲ. "ಬಾ, ಈಗ ಇದನ್ನ ಸರಿಮಾಡೋಣ" ಅನ್ನುತ್ತೇನೆ.

ತಾಯಂದಿರ ಜೊತೆ ಮಾತಾಡುವಾಗ ತುಂಬಾ ಜೋಪಾನ ಬೇಕು. ಗರ್ಭಿಣಿಯಾಗಿದ್ದಾಗ ಜ್ವರ ಬಂದಿತ್ತಾ, ಯಾವ ಮಾತ್ರೆ ತಗೊಂಡಿದ್ರಿ ಅಂತ ಕೇಳುವ ದನಿಯಲ್ಲೇ ಕುಡಿತದ ಬಗ್ಗೆಯೂ ಕೇಳುತ್ತೇನೆ, ಎಲ್ಲರನ್ನೂ ಕೇಳುತ್ತೇನೆ. ಬಸಿರು ಅಂತ ತಿಳಿಯುವ ಮೊದಲೇ ಕುಡಿದವರು ಎಷ್ಟೋ ಮಂದಿ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಗುವಿಗೆ ಕೇಡು ಬಯಸಿ ಯಾವ ತಾಯಿ ಕುಡಿದಿರುತ್ತಾಳೆ? ಒಬ್ಬ ತಾಯಿ ಬಹಳ ದಿನ ಬಾಯಿ ಬಿಡಲಿಲ್ಲ. ಹೇಳಿದ ದಿನ ಅವರ ಜೊತೆ ಸುಮ್ನೆ ಕೂತಿದ್ದೆ, ಪಾಠ ಪಕ್ಕಕ್ಕಿಟ್ಟೆ. ಆಮೇಲೆ ಮಗನ ವಿಷಯದಲ್ಲಿ ಅವರಷ್ಟು ಚೆನ್ನಾಗಿ ಗಮನಿಸಿ ಹೇಳಿದವರು ಇನ್ನೊಬ್ಬರಿಲ್ಲ.

ಪ್ರತಿ ವರ್ಷ ಹೊಸ ಟೀಚರ್ ಬಂದಾಗ ಮನೆಯವರ ಜೊತೆ ಕೂತು ಒಂದು ಪುಟ ಬರೆಯುತ್ತೇವೆ. ಯಾವ ಸದ್ದಿಗೆ ಮಗು ಕಂಗೆಡುತ್ತದೆ, ಎಲ್ಲಿ ಕೂರಿಸಿದರೆ ಒಳ್ಳೆಯದು, ಸಿಟ್ಟು ಬಂದಾಗ ಏನು ಮಾಡಬಾರದು. ಅದರ ಮೊದಲ ಸಾಲಲ್ಲಿ ಮಾತ್ರ ಮಗುವಿಗೆ ಏನು ಚೆನ್ನಾಗಿ ಬರುತ್ತದೆ ಅಂತ ಇರುತ್ತದೆ.