ಗೋದಾಮಿನಲ್ಲಿ ಸಂಘ ಕಟ್ಟುವುದು ಹೇಗೆ? ಸಹಿಗೂ ಮೊದಲು ಒಂದು ನೋಟ್‌ಬುಕ್

ದಾವಣಗೆರೆಯಲ್ಲಿ ಹಮಾಲರನ್ನು ನೋಡಲು ಎಪಿಎಂಸಿ ಯಾರ್ಡಿಗೇ ಹೋಗಬೇಕೆಂದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ತಗಡಿನ ಗೋದಾಮುಗಳಲ್ಲೂ ಅದೇ ಕೆಲಸ. ಮೆಕ್ಕೆಜೋಳ, ಅಕ್ಕಿ, ಗೊಬ್ಬರ, ಸಿಮೆಂಟಿನ ಜೊತೆಗೆ ಈಗ ಆನ್‌ಲೈನ್ ಪಾರ್ಸೆಲ್ಲುಗಳೂ ಸೇರಿಕೊಂಡಿವೆ.

ಹೋದ ಬೇಸಿಗೆಯಲ್ಲಿ ಅಂಥದೊಂದು ಗೋದಾಮಿನ ಬಾಗಿಲಲ್ಲಿ ಅರ್ಧ ದಿನ ಕೂತಿದ್ದೆ. ಹತ್ತು ಗಾಲಿಯ ಲಾರಿ, 50 ಕೆ.ಜಿ.ಯ 320 ಚೀಲ, ಇಳಿಸಲು ನಾಲ್ವರು. ತಲಾ 80 ಚೀಲವಾಯಿತು. ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಒಬ್ಬೊಬ್ಬನೂ ನಾಲ್ಕು ಟನ್ ಹೊತ್ತಿದ್ದ. ಕೂಲಿ ಎಣಿಸುವಾಗ ಮೇಸ್ತ್ರಿ 300 ಚೀಲ ಎಂದ. "ಇನ್ನಿಪ್ಪತ್ತು ಎಲ್ಲಿ ಹೋದ್ವಣ್ಣಾ?" ಅಂತ ಒಬ್ಬ ಹುಡುಗ ಕೇಳಿದ. "ನೀ ಬರ್ಕಂಡೀಯೇನಲೇ?" ಎಂದ ಮೇಸ್ತ್ರಿ. ಹುಡುಗ ಬರೆದುಕೊಂಡಿರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಮೊದಲು: ಬರೆದಿಡಿ

ಸಂಘ ಅಂದರೆ ಬಾವುಟ, ಘೋಷಣೆ ಎಂದುಕೊಂಡವರೇ ಹೆಚ್ಚು. ನನ್ನ ಪ್ರಕಾರ ಅದು ಹತ್ತು ರೂಪಾಯಿಯ ನೋಟ್‌ಬುಕ್ಕಿನಿಂದ ಶುರುವಾಗಬೇಕು. ತಾರೀಖು, ಲಾರಿ ನಂಬರು, ಚೀಲ ಎಷ್ಟು, ಒಂದೊಂದರ ತೂಕ ಎಷ್ಟು, ಎಷ್ಟು ಜನ ಹೊತ್ತರು, ಕೈಗೆ ಬಂದಿದ್ದೆಷ್ಟು, ಎಷ್ಟೊತ್ತಿಗೆ ಬಂದಿರಿ, ಎಷ್ಟೊತ್ತಿಗೆ ಬಿಟ್ಟರು. ಎರಡು ತಿಂಗಳು ಬಿಡದೆ ಬರೆಯಿರಿ.

ತೂಕದ ಕಾಲಂ ಮರೆಯಬೇಡಿ. ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮಲ್ಲಿ ಭತ್ತದ ಚೀಲ 70 ಕೆ.ಜಿ. ದಾಟುವುದು ಮಾಮೂಲು.

ಪೆಟ್ಟಾದರೆ ಅದನ್ನೂ ಬರೆಯಿರಿ: ಹಲಗೆ ಜಾರಿದ್ದು, ಅಟ್ಟಿ ಕುಸಿದದ್ದು, ಕೊಕ್ಕೆ ಅಂಗೈಗೆ ಚುಚ್ಚಿದ್ದು. ಹುಳಕ್ಕೆ ಮಾತ್ರೆ ಇಟ್ಟ ದಿನವನ್ನಂತೂ ತಪ್ಪದೆ ಬರೆಯಿರಿ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ಗಾಳಿಯ ತೇವ ತಾಗಿದರೆ ಫಾಸ್ಫೀನ್ ವಿಷಾನಿಲ ಏಳುತ್ತದೆ. ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಬರಬಹುದು. ಆದರೆ ವಾಸನೆ ಇಲ್ಲವೆಂದ ಮಾತ್ರಕ್ಕೆ ಅನಿಲವೂ ಇಲ್ಲವೆಂದು ನಂಬುವಂತಿಲ್ಲ. ತಾಡಪತ್ರಿ ತೆಗೆದು, ಬಾಗಿಲು ತೆರೆದು, ಗಾಳಿಯಾಡಿಸಿ, ಅಳತೆ ಮಾಡಿ ನೋಡುವವರೆಗೆ ಒಳಗೆ ಕಾಲಿಡಬಾರದು. "ಲಾರಿ ಕಾಯ್ತಾ ಐತಿ, ಹೋಗ್ರಲೇ" ಎನ್ನುವ ಅವಸರಕ್ಕೆ ಒಬ್ಬನೇ ಇದ್ದರೆ ಮಣಿಯುತ್ತಾನೆ. ಹತ್ತು ಜನ ಹೊರಗೇ ನಿಂತರೆ ಲಾರಿಯೇ ಕಾಯುತ್ತದೆ.

ಆಮೇಲೆ: ಸಿಗಬೇಕಾದ್ದನ್ನು ತಾಳೆ ನೋಡಿ

ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಿದರೆ ಹೆಚ್ಚಿನ ಅವಧಿಗೆ ದುಪ್ಪಟ್ಟು ಕೂಲಿ. ಹತ್ತು ಮಂದಿ ದುಡಿಯುವ ಕಡೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ). ಇಎಸ್‌ಐಗೆ ಕಾರ್ಮಿಕನ ಪಾಲು ಕೂಲಿಯ 0.75%, ಮಾಲೀಕನದು 3.25%. ದುಡ್ಡು ಕಟ್ ಆಗುತ್ತಿದ್ದರೂ ನಂಬರು ಕೈಗೆ ಬಂದಿಲ್ಲವಾದರೆ ಅದನ್ನೂ ನೋಟ್‌ಬುಕ್ಕಿಗೆ ಹಾಕಿ. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಹೊಣೆ ಅವನಿಗೆ ಗುತ್ತಿಗೆ ಕೊಟ್ಟ ಮೂಲ ಮಾಲೀಕರದು.

ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದವರು ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಲಿ. ಅದರಲ್ಲಿ ಹಮಾಲರೂ ಇದ್ದಾರೆ, ಭಟ್ಟಿ ಕಾರ್ಮಿಕರೂ ಇದ್ದಾರೆ. ಮಂಡಕ್ಕಿ ಭಟ್ಟಿಗಳಿರುವ ಈ ಊರಿನವರು ಇದನ್ನು ಗಮನಿಸಬೇಕು.

ಸಹಿ, ಅರ್ಜಿ

1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನೋಂದಣಿಯ ಲೆಕ್ಕ ಮಾತ್ರ ಹಳೆಯದೇ: ಅಲ್ಲಿ ದುಡಿಯುವವರಲ್ಲಿ ಶೇ 10 ಇಲ್ಲವೇ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಆದರೆ ಏಳಕ್ಕೆ ಕಮ್ಮಿ ಇರುವಂತಿಲ್ಲ. 60 ಜನರಿರುವ ಗೋದಾಮಿಗೆ ಏಳು ಸಾಕು, 200 ಜನರಿದ್ದರೆ ಇಪ್ಪತ್ತು ಬೇಕು.

ಏಳು ಸಾಕೆಂದು ಏಳಕ್ಕೇ ನಿಲ್ಲಿಸಬೇಡಿ. ಅರ್ಜಿ ಹಾಕಿದ ಮರುದಿನವೇ ಒಬ್ಬನಿಗೆ ಮುಂಗಡ ಸಿಗುತ್ತದೆ, ಇನ್ನೊಬ್ಬನಿಗೆ ಮೇಸ್ತ್ರಿಗಿರಿ. ಹದಿನೈದು ಸಹಿ ಇದ್ದರೆ ಇಬ್ಬರು ಕಳಚಿಕೊಂಡರೂ ನಡೆಯುತ್ತದೆ.

ಸಭೆ ಸೇರಿ ಹೆಸರು, ಉದ್ದೇಶ, ಚಂದಾ, ಹಣದ ಬಳಕೆ, ಲೆಕ್ಕ ತಪಾಸಣೆ, ಪದಾಧಿಕಾರಿಗಳ ಆಯ್ಕೆ ಎಲ್ಲವೂ ಇರುವ ನಿಯಮಾವಳಿಯನ್ನು ಒಪ್ಪಿ ಠರಾವು ಬರೆಯಿರಿ. ಅದರೊಂದಿಗೆ ಸದಸ್ಯರ ಪಟ್ಟಿ, ಪ್ರಮಾಣಪತ್ರ (ಅಫಿಡವಿಟ್), ಶುಲ್ಕ ಸೇರಿಸಿ ಕಾರ್ಮಿಕ ಇಲಾಖೆಯಲ್ಲಿರುವ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿ. ಕಚೇರಿ ಅಲೆದಾಟ ಇದ್ದದ್ದೇ. ಅಷ್ಟರಲ್ಲಿ ಯಾರನ್ನಾದರೂ ಸಂಘ ಸೇರಿದ್ದಕ್ಕೇ ಕೆಲಸದಿಂದ ತೆಗೆದರೆ ಅದು ಕಾನೂನಿನ ಪ್ರಕಾರ ಅನುಚಿತ ಕಾರ್ಮಿಕ ನಡವಳಿಕೆ. ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ.

ಹೊರಗಿನ ಮುಖಂಡರನ್ನು ಕರೆದುಕೊಳ್ಳಬೇಕೇ? ಈ ಊರಿಗೆ ಅದು ಹೊಸದಲ್ಲ. ಹತ್ತಿ ಗಿರಣಿ ಕಾರ್ಮಿಕರ ಬಲದಿಂದ ಬೆಳೆದ ಕಾಮ್ರೇಡ್ ಪಂಪಾಪತಿಯವರನ್ನು ದಾವಣಗೆರೆ 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸಿತ್ತು. ಅನುಭವಿಗಳು ಜೊತೆಗಿದ್ದರೆ ಅರ್ಜಿ ಬರೆಯುವುದಾದರೂ ಸಲೀಸು. ಆದರೆ ಖಜಾಂಚಿ ಮಾತ್ರ ಚೀಲ ಹೊರುವವನೇ ಇರಲಿ.

ಮಾತುಕತೆ, ಮುಷ್ಕರ

ಗೋದಾಮಿನಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಶೇ 51ರಷ್ಟು ಕಾರ್ಮಿಕರ ಬೆಂಬಲ ಇದ್ದದ್ದೇ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ಇರುವ ಸಂಘಗಳ ಪ್ರತಿನಿಧಿಗಳು ಸೇರಿ ಮಂಡಳಿಯಾಗುತ್ತದೆ. ಮೊದಲ ಬೇಡಿಕೆ ಪಟ್ಟಿಯಲ್ಲಿ ಇಪ್ಪತ್ತು ಅಂಶ ತುಂಬಬೇಡಿ. ಕುಡಿಯುವ ನೀರು, ತಗಡಿನ ಕೆಳಗೆ ಫ್ಯಾನು, ಚೀಲ ಎಣಿಸುವಾಗ ನಮ್ಮವನೊಬ್ಬ, ಇಷ್ಟೇ ಕೇಳಿ. ಜೊತೆಗೆ ನೋಟ್‌ಬುಕ್ ಮೇಜಿನ ಮೇಲಿಡಿ.

ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. "ಮುಷ್ಕರ ಬ್ಯಾಡ, ಎಲ್ರೂ ಒಂದಿನ ರಜಾ ಹಾಕಾಣ" ಎಂಬ ಹಳೇ ಉಪಾಯ ಈಗ ನಡೆಯುವುದಿಲ್ಲ. ಅರ್ಧದಷ್ಟು ಜನ ಒಟ್ಟಾಗಿ ರಜೆ ಹಾಕಿದರೆ ಸಂಹಿತೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ.

ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವುದನ್ನು ಮರೆತರೆ ನೋಂದಣಿಗೇ ಸಂಚಕಾರ. ಠರಾವು ಪುಸ್ತಕ, ರಸೀದಿ, ನೋಟ್‌ಬುಕ್ಕುಗಳನ್ನು ಗೋದಾಮಿನೊಳಗೆ ಇಡಬೇಡಿ. ಇಪ್ಪತ್ತು ಚೀಲ ಕಳಕೊಂಡ ಆ ಹುಡುಗ ಈಗ ದಿನವೂ ಬರೆಯುತ್ತಾನೆ. ಅವನ ಪುಸ್ತಕ ಎದುರಿನ ಮಿರ್ಚಿ–ಮಂಡಕ್ಕಿ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿರುತ್ತದೆ, ರಟ್ಟಿಗೆಲ್ಲ ಎಣ್ಣೆ ಹತ್ತಿದೆ.