ಶಿರಸಿಯಿಂದ ಗೊಟಗೋಡಿಗೆ: ಶಿಲ್ಪಗಳ ಹಳ್ಳಿಯಲ್ಲಿ ಒಂದು ದಿನ ಸುತ್ತುವುದು ಹೇಗೆ?

ಈ ಕಾಲದ ಶಿಲ್ಪ ಎಂದರೆ ತಲೆಬುಡ ತಿಳಿಯದ ಕಬ್ಬಿಣದ ರಾಶಿ ಎಂದು ಮೂಗು ಮುರಿಯುವವರು ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗೆ ಕರೆದೊಯ್ಯಿರಿ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಚಿತ್ರಕಲೆ ಮತ್ತು ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟ ಎರಡರಲ್ಲೂ ಪಳಗಿದ್ದ ಟಿ.ಬಿ. ಸೊಲಬಕ್ಕನವರ ಇಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳುವೆಯನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿದರು.

ಮೊದಲು ಹೊರಡುವ ಹೊತ್ತು. ಸ್ವಂತ ವಾಹನವಾದರೆ ಮುಂಡಗೋಡಿನ ಮೇಲೆ ಸುಮಾರು ಎರಡು ತಾಸು. ಬಸ್ಸಿನವರು ಹುಬ್ಬಳ್ಳಿ ಕಡೆಯ ಬಸ್ಸಿನಲ್ಲಿ ತಡಸ ಕ್ರಾಸಿಗೆ ಹೋಗಿ, ಶಿಗ್ಗಾವಿ ದಿಕ್ಕಿನ ಬಸ್ ಹಿಡಿಯಬೇಕು. ಗೊಟಗೋಡಿಯಲ್ಲಿ ನಿಲ್ಲಿಸುತ್ತಾರೆಯೇ ಎಂದು ಹತ್ತುವ ಮೊದಲೇ ಕಂಡಕ್ಟರರನ್ನು ಕೇಳಿಕೊಳ್ಳಿ. ಬಯಲುಸೀಮೆಯ ಬಿಸಿಲು ನಮ್ಮ ಅಡಿಕೆ ತೋಟದ ನೆರಳಿನಂತಲ್ಲ. ಬೆಳಗ್ಗೆ ತಿಂಡಿ ಮುಗಿಸಿಕೊಂಡು ಹೊರಟುಬಿಡಿ. ಟೋಪಿ, ನೀರು ಮರೆಯಬೇಡಿ.

ಎರಡನೆಯದು, ಜೊತೆಗಾರರು. ಹುಬ್ಬಳ್ಳಿ, ಹಾವೇರಿ ಕಡೆಯ ಅಜ್ಜಿಯೋ ಸೋದರಮಾವನೋ ಇದ್ದರೆ ಬಿಡದೆ ಎಬ್ಬಿಸಿಕೊಂಡು ಹೋಗಿ. ಅಡಿಕೆ ತೋಟದ ದೋಟಿ, ಕೊಕ್ಕೆ ಕಂಡ ಶಿರಸಿಯ ಮಕ್ಕಳಿಗೆ ಬೀಜ ಬಿತ್ತುವ ಕೂರಿಗೆ, ಹೊಲ ಹರಗುವ ಕುಂಟೆ ಗೊತ್ತಿಲ್ಲ. ಹಿರಿಯರು ಬಾಯಿಬಿಟ್ಟರೆ ಬೇರೆ ಗೈಡ್ ಬೇಕಾಗುವುದಿಲ್ಲ.

ಒಳಗೆ ಹೋದಮೇಲೆ ಮೊಬೈಲನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಡಿ. ಶಿಲ್ಪವನ್ನು ಮುಂದಿನಿಂದ ಮಾತ್ರ ನೋಡಿ ಮುಂದೆ ನಡೆಯುವುದು ನಮ್ಮ ಚಾಳಿ. ಒಂದು ಸುತ್ತು ಬನ್ನಿ. ಮುಖಕ್ಕಿಂತ ಕೈ, ಪಾದ, ಸೊಂಟದ ಬಾಗು ನೋಡಿ: ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಬೆರಳು ಹಿಡಿಯನ್ನು ಹೇಗೆ ಬಿಗಿದಿದೆ, ಸೆರಗನ್ನು ಎಲ್ಲಿ ಸಿಕ್ಕಿಸಿದ್ದಾರೆ. ಕಸುಬು ಬಲ್ಲವರ ಮೈಯನ್ನು ಕಂಡು ಮಾಡಿದ ಕೆಲಸವೋ ಅಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಮುಟ್ಟಿ ನೋಡುವ ಆಸೆಯಾದರೂ ತಡೆಯಿರಿ. ಇಂಥ ಶಿಲ್ಪಗಳ ಒಳಗೆ ಸಾಮಾನ್ಯವಾಗಿ ಕಬ್ಬಿಣದ ಸರಳು, ಜಾಲರಿ ಇರುತ್ತದೆ; ಅದರ ಮೇಲೆ ಪದರ ಪದರವಾಗಿ ಗಾರೆ ಮೆತ್ತಿ, ಹಸಿ ಇರುವಾಗಲೇ ರೂಪ ಕೊಟ್ಟು, ಒಣಗಿದ ಮೇಲೆ ಬಣ್ಣ ಹಚ್ಚುತ್ತಾರೆ. ಎತ್ತಿನ ಕೊಂಬಿಗೆ ಮಗುವನ್ನು ಜೋತುಬಿಟ್ಟರೆ ಕೂದಲೆಳೆಯ ಬಿರುಕು ಬೀಳುತ್ತದೆ, ಮಳೆನೀರು ಇಳಿಯುತ್ತದೆ, ಸರಳು ತುಕ್ಕು ಹಿಡಿದು ಉಬ್ಬಿ ಗಾರೆ ಕಳಚುತ್ತದೆ. ಫೋಟೊಕ್ಕಾಗಿ ಇದನ್ನು ಮಾಡಿಸುವ ಅಪ್ಪಂದಿರಿಗೆ ಯಾರಾದರೂ ಗದರಿಸಬೇಕು.

ಡಾ. ರಾಜ್‌ಕುಮಾರ್ ಪಾತ್ರಗಳ ಶಿಲ್ಪಗಳ ಬಳಿ ಜನ ಗುಂಪುಗಟ್ಟುತ್ತಾರೆ. ಅದನ್ನು ಕೊನೆಗಿಟ್ಟುಕೊಳ್ಳುವುದು ಲೇಸು.

ಮರಳುವಾಗ ಹೊತ್ತಿದ್ದರೆ ಮುಂಡಗೋಡಿನ ಟಿಬೆಟಿಯನ್ ಕಾಲೊನಿಗೆ ಹೊರಳಿ. ಬೌದ್ಧ ಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪ್ರಾರ್ಥನೆ ನಡೆಯುತ್ತಿದ್ದರೆ ಗೋಡೆಯ ಬದಿಗೆ ಸದ್ದಿಲ್ಲದೆ ಕೂರಿ. ಬಸ್ಸಿನಲ್ಲಿ ಬಂದವರು ಮಾತ್ರ ಈ ಆಸೆ ಬಿಟ್ಟು, ಶಿರಸಿಯ ಸಂಜೆಯ ಬಸ್ ಎಷ್ಟು ಗಂಟೆಗೆ ಎಂದು ಬೆಳಗ್ಗೆಯೇ ವಿಚಾರಿಸಿಟ್ಟುಕೊಂಡಿರಬೇಕು.